ಜೊಂಡಿಗೆ ಒತ್ತೆಯಿಟ್ಟ ಕೊಡ

ಹರಿಹರದ ಹೊಳೆಯ ನಡುಗಡ್ಡೆಗೆ ನಾನು ಸೊಸೆಯಾಗಿ ಬಂದದ್ದು ಐವತ್ತರ ದಶಕದಲ್ಲಿ. ತವರಿನಿಂದ ತಂದದ್ದು ಒಂದು ತಾಮ್ರದ ಕೊಡ ಮತ್ತು, ಎಲ್ಲರೂ ಹೇಳುವಂತೆ, ಮೂಗಿನ ತುದಿಯ ಸಿಟ್ಟು.

ಅಲ್ಲಿನ ಮನೆಗಳಿಗೆ ಅನ್ನ ಕೊಡುತ್ತಿದ್ದದ್ದು ದಂಡೆಯ ಜೊಂಡುಹುಲ್ಲು. ಅದನ್ನು ಕೊಯ್ದು, ಒಣಗಿಸಿ, ಚಾಪೆ ಹೆಣೆದು ದಾವಣಗೆರೆಯ ಪೇಟೆಗೆ ಕಳಿಸುತ್ತಿದ್ದೆವು. ಜೊಂಡು ಯಾರ ಸ್ವತ್ತೂ ಅಲ್ಲ, ಹಾಗಾಗಿ ಎಲ್ಲರಿಗೂ ಅವಸರ. ಬಲಿಯಲಿ ಎಂದು ಕಾದರೆ ಪಕ್ಕದ ಮನೆಯವರು ಕೊಯ್ದಾರೆಂದು ಎಳೆಯದನ್ನೇ ಕೊಯ್ಯುತ್ತಿದ್ದರು. ಆ ಚಾಪೆ ನಾಲ್ಕು ದಿನಕ್ಕೆ ಸೀಳಿಹೋಗುತ್ತಿತ್ತು. ಪೇಟೆಯ ಸಾಹುಕಾರ ಅದನ್ನು ಕಾಲಲ್ಲಿ ಸರಿಸಿ ಬೆಲೆ ಹೇಳುತ್ತಿದ್ದ. ಇತ್ತ ಜೊಂಡೂ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿತ್ತು.

ನಮ್ಮ ಅತ್ತೆ ಹೆಂಗಸರನ್ನೆಲ್ಲ ಕೂಡಿಸಿ ಒಂದು ಕಟ್ಟಳೆ ಮಾಡಿದರು. ಪ್ರತಿ ಮನೆಯೂ ಗುಡಿಯಲ್ಲಿ ಒಂದು ಕೊಡ ಒತ್ತೆ ಇಡಬೇಕು. ಜೊಂಡು ಬಲಿತು ತೆನೆ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದವರಿಗೆ ಕೊಡ ವಾಪಸ್ಸು. ಮೊದಲೇ ಕೊಯ್ದವರ ಕೊಡ ಹರಾಜು, ಬಂದ ದುಡ್ಡು ಊರ ತೆಪ್ಪದ ರಿಪೇರಿಗೆ. ನಮ್ಮ ಮನೆಯಿಂದ ಹೋದದ್ದು ನನ್ನ ತಾಮ್ರದ ಕೊಡ.

ಮೊದಲು ಸಿಕ್ಕಿಬಿದ್ದವನು ನನ್ನ ಮೈದುನನೇ! ಎಳೆ ಜೊಂಡಿನ ಹೊರೆ ಹೊತ್ತು ತೆಪ್ಪ ಹತ್ತುವಾಗ ಇಡೀ ಊರು ನೋಡಿತು.

"ತಪ್ಪು ಮಾಡಿದಾವ ನಿಮ್ಮ ಮಗ. ನನ್ನ ಕೊಡ ಯಾಕ್ರೀ ಅತ್ತಿ?" ಎಂದು ರೇಗಿದೆ.

"ಮನಿ ಒಂದೇ ಐತವ್ವ," ಎಂದರು ಅತ್ತೆ.

ಗುಡಿಯ ಮುಂದೆ ಹರಾಜು. ಅತ್ತೆ ಕೊಡ ಎತ್ತಿ ಹಿಡಿದರು. ಯಾರೂ ಬಾಯಿ ಬಿಡಲಿಲ್ಲ. ಹಿರಿಯಳ ಮನೆಯ ಕೊಡಕ್ಕೆ ಸವಾಲು ಕೂಗುವ ಧೈರ್ಯ ಯಾರಿಗಿದೆ? "ಇದೊಂದ್ ಸಲ ಬ್ಯಾಡ ಬಿಡ್ರಿ," ಎಂದು ಯಾರೋ ಅಂದರು. ನನ್ನ ಜೀವ ಹಗುರಾಯಿತು. ಆಮೇಲೆ ಅತ್ತೆಯ ಮುಖ ನೋಡಿದೆ, ಬಾಡಿಹೋಗಿತ್ತು. ಈ ಕೊಡ ಹಾಗೇ ಮನೆಗೆ ಬಂದರೆ ನಾಳೆ ಬೆಳಿಗ್ಗೆ ಎಲ್ಲರ ಕುಡುಗೋಲೂ ಜೊಂಡಿಗೆ ಬೀಳುವುದು ಖಂಡಿತ.

ನನಗೆ ಸಿಟ್ಟು ನೆತ್ತಿಗೇರಿತು. ದಿನಾ ನನ್ನೊಂದಿಗೆ ಜಗಳ ಕಾಯುವ ಪಕ್ಕದ ಮನೆಯವಳ ಕಡೆ ತಿರುಗಿದೆ.

"ಏನವ್ವಾ, ನಾನು ಬಂದಾಗ್ಲಿಂದ ಈ ಕೊಡದ ಮ್ಯಾಲೆ ಕಣ್ಣಿಟ್ಟೀಯಲ್ಲ, ಈಗ ಬಾಯಿಗೆ ಬೀಗ ಬಿತ್ತೇನು? ಕೂಗು!"

ಅವಳು ಕೂಗಿಯೇ ಬಿಟ್ಟಳು. ಅವಳಿಗೆ ಸಿಗಬಾರದೆಂದು ಇನ್ನೊಬ್ಬಳು ಕೂಗಿದಳು. ಆಮೇಲೆ ಕೇಳಬೇಕೆ, ಸಂತೆಯೇ ನೆರೆಯಿತು. ಕೊನೆಗೆ ಪಕ್ಕದ ಮನೆಯವಳೇ ಗೆದ್ದು, ನನ್ನ ಕಣ್ಣೆದುರೇ ಕೊಡವನ್ನು ಸೊಂಟಕ್ಕೇರಿಸಿಕೊಂಡು ಹೋದಳು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆ ವರ್ಷ ಮತ್ತೆ ಯಾರೂ ಎಳೆ ಜೊಂಡಿಗೆ ಕೈ ಹಚ್ಚಲಿಲ್ಲ. ಮರುವರ್ಷ ಅದು ಆಳೆತ್ತರ ಬೆಳೆಯಿತು. ಚಾಪೆಯನ್ನು ಕಾಲಲ್ಲಿ ಸರಿಸುತ್ತಿದ್ದ ಸಾಹುಕಾರ ತಾನೇ ತೆಪ್ಪ ಹತ್ತಿ, ನೀರಿಗೆ ಹೆದರಿ ಅದರ ಅಂಚನ್ನು ಬಿಗಿಹಿಡಿದುಕೊಂಡು ನಡುಗಡ್ಡೆಗೆ ಬಂದ. ಅತ್ತೆ ಹೊಸ ಚಾಪೆ ಹಾಸಿದರು. ಅವನು ಚಪ್ಪಲಿ ಬಿಟ್ಟು ಕೂತ.

"ಈ ಸಲ ರೇಟ್ ನೀವೇ ಹೇಳ್ರಿ," ಎಂದ.

ನಾನು ಹೊಳೆಯಿಂದ ನೀರು ತರುತ್ತಿದ್ದೆ. ಅತ್ತೆ ನನ್ನ ಕಡೆ ಕೈ ಮಾಡಿದರು.

"ನಮ್ಮ ಸೊಸೀನ್ ಕೇಳ್ರಿ. ಸವಾಲ್ ಕೂಗ್ಸಾದು ಆಕಿಗೇ ಗೊತ್ತು."

ಮಣ್ಣಿನ ಕೊಡ ಕೆಳಗಿಟ್ಟೆ, ಸೆರಗು ಸಿಕ್ಕಿಸಿದೆ, ಬೆಲೆ ಹೇಳಿದೆ.