ಮರಿಯ ಎಡಗಿವಿ

ನನ್ನ ಮೊದಲ ಕಾದಂಬರಿ ಒಂದು ಕುರಿಮರಿಯ ಎಡಗಿವಿಯ ಮೇಲೆ ನಿಂತಿತ್ತು. ಇನ್ನೂರ ಎಂಬತ್ತು ಪುಟ, ನಾಲ್ಕು ಸಲದ ತಿದ್ದುಪಡಿ, ಅಷ್ಟೂ ಭಾರ ಆ ಕಿವಿಯ ಮೇಲೆ.

ಐದು ವರ್ಷದವನಿದ್ದಾಗ, ಹಿರಿಯೂರಿನ ಆಚೆಯ ಹಟ್ಟಿಯಲ್ಲಿ ನಾನು ಕಂಡದ್ದು ಇಷ್ಟು. ಮಾವ, ಅಂದರೆ ಅಮ್ಮನ ತಮ್ಮ, ಕುರಿ ರೊಪ್ಪದಲ್ಲಿ ಕುಳಿತು ಮರಿಯೊಂದನ್ನು ತೊಡೆಯ ನಡುವೆ ಅದುಮಿ ಹಿಡಿದು ಕಿವಿ ಕೊಯ್ಯುತ್ತಿದ್ದ. ಕುರಿ ಸಾಕುವವರಲ್ಲಿ ಮನೆಗೊಂದು ಕಿವಿ ಗುರುತು ಇರುತ್ತದೆ. ನಮ್ಮ ಮನೆಯದು ಬಲಗಿವಿಯ ಅಂಚಿಗೆ ಒಂದು ಕಚ್ಚು. ಮಾವನ ಮನೆಯದು ಎಡಗಿವಿಯ ತುದಿಯನ್ನು ನೇರ ಕೊಯ್ದದ್ದು. ಮಂದೆಗಳು ಬೆರೆತರೆ ಕಿವಿ ನೋಡಿಯೇ ಬೇರೆ ಮಾಡುವುದು. ಆ ಮರಿಗೆ ಎರಡೂ ಗುರುತಿದ್ದವು, ರಕ್ತ ಮಾತ್ರ ಎಡಗಿವಿಯಿಂದ ಇಳಿಯುತ್ತಿತ್ತು. ಅಂದರೆ ನಮ್ಮ ಮರಿಗೆ ಮಾವ ತನ್ನ ಗುರುತು ಹಾಕಿಕೊಳ್ಳುತ್ತಿದ್ದ. ಕಳವು. ಮುಂದಿನ ವರ್ಷವೇ ಅಪ್ಪ ಹಟ್ಟಿ ಬಿಟ್ಟು ಚಿತ್ರದುರ್ಗಕ್ಕೆ ಬಂದರು. ಎರಡನ್ನೂ ಗಂಟು ಹಾಕಿದರೆ ಕಾದಂಬರಿಯಾಗದೆ ಇನ್ನೇನಾಗುತ್ತದೆ?

ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದು ಅನುಮಾನ ಪಡುವುದನ್ನು. ಶಾಸನವನ್ನು ನಂಬಬೇಡ, ಕೆತ್ತಿಸಿದವನು ಯಾರು ಎಂದು ಕೇಳು. ಅಜ್ಜಿಯ ಕತೆಯನ್ನು ನಂಬಬೇಡ. ಎಲ್ಲವನ್ನೂ ಅನುಮಾನಿಸಿ ಪದವಿ ತೆಗೆದುಕೊಂಡೆ. ನನ್ನ ಐದನೇ ವರ್ಷದ ಕಣ್ಣನ್ನು ಅನುಮಾನಿಸು ಎಂದು ಯಾವ ಮೇಷ್ಟ್ರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಹೊಳಲ್ಕೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುತ್ತ, ಬಿಡುವಿನ ಪೀರಿಯಡ್‌ಗಳಲ್ಲಿ ಬರೆದೆ. ಮೊದಲ ಕರಡನ್ನು ನಿವೃತ್ತ ಪ್ರಾಧ್ಯಾಪಕರೊಬ್ಬರಿಗೆ ಕೊಟ್ಟೆ. ಚಿತ್ರದುರ್ಗದಲ್ಲಿ ಹೊಸದಾಗಿ ಬರೆಯುವವರೆಲ್ಲ ಅವರ ಮನೆಯ ಜಗಲಿ ಹತ್ತಲೇಬೇಕು. ಸ್ವತಃ ಒಂದೂ ಕಾದಂಬರಿ ಬರೆಯದೆ ಹತ್ತಾರು ಕಾದಂಬರಿಗಳನ್ನು ಒಂದೇ ರೀತಿ ಮಾಡಿದ ಕೀರ್ತಿ ಅವರದು. ಕೆಂಪು ಪೆನ್ನಿನಲ್ಲಿ ಪುಟಕ್ಕೊಂದು ಕಡೆ ‘ಸಂಘರ್ಷ ಸಾಲದು’ ಎಂದು ಬರೆದು ಹಿಂತಿರುಗಿಸಿದರು. ಕಳವಿನ ದಿನ ನನ್ನ ತಲೆ ಬೋಳಾಗಿತ್ತು, ನೆತ್ತಿಗೆ ಬಿಸಿಲು ಸುಡುತ್ತಿತ್ತು ಎಂದೊಂದು ವಾಕ್ಯವಿತ್ತು. ಅದರ ಪಕ್ಕದಲ್ಲಿ, ‘ಈ ಬೋಳು ತಲೆಯಿಂದ ಕಥೆಗೇನು ಪ್ರಯೋಜನ?’ ಎಂದಿದ್ದರು. ಯಾವುದೋ ಹೇನಿನ ಕಾಟಕ್ಕೆ ಬೋಳಿಸಿದ್ದಿರಬೇಕು ಎಂದುಕೊಂಡು ಹೊಡೆದುಹಾಕಿದೆ. ಬದಲಿಗೆ ಮಾವನ ಕಣ್ಣಿಗೆ ಒಂದಿಷ್ಟು ಕ್ರೌರ್ಯ ಸೇರಿಸಿದೆ. ಮೂರನೇ ತಿದ್ದುಪಡಿಯ ಹೊತ್ತಿಗೆ ಆತ ಅಕ್ಕನ ಮನೆಯನ್ನೇ ಹಾಳು ಮಾಡಿದವನಾಗಿದ್ದ. ಕಿರುಬೆರಳಿಲ್ಲದ ಅವನ ಎಡಗೈಯನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೆ. ಅದನ್ನು ವಾಸ್ತವಿಕತೆ ಎಂದು ಭಾವಿಸಿದ್ದೆ.

ಹೊಸದುರ್ಗದಲ್ಲಿ ಒಂದು ಅಧ್ಯಾಯ ಓದಲು ಕರೆದರು. ಹನ್ನೆರಡು ಜನರಿದ್ದರು. ಅವರಲ್ಲಿ ಏಳು ಮಂದಿ ತಮ್ಮ ಕವಿತೆಯ ಸರದಿಗಾಗಿ ಕಾಯುತ್ತಿದ್ದವರು. ಅಧ್ಯಕ್ಷರು ನಿದ್ದೆಯಿಂದ ಎದ್ದು, ಇದರಲ್ಲಿ ಮಣ್ಣಿನ ವಾಸನೆ ಇದೆ ಎಂದರು. ಕುರಿಯದಾದರೂ ಬಂದಿದ್ದರೆ ಒಪ್ಪುತ್ತಿದ್ದೆ. ಆದರೂ ಆ ಮಾತನ್ನು ಬೆನ್ನುಡಿಗೆ ಬರೆದಿಟ್ಟುಕೊಂಡೆ. ಅವರನ್ನು ಹಂಗಿಸುವ ನಾನು ಅಷ್ಟಕ್ಕೆ ಉಬ್ಬಿದ್ದೆ.

ಪುಟವಿನ್ಯಾಸ ಮುಗಿಯುತ್ತ ಬಂದಾಗ ಪ್ರಾಧ್ಯಾಪಕರು ಕೊನೆಯದಾಗಿ ಕೇಳಿದ್ದು, ಕಿವಿ ಕೊಯ್ಯುವುದು ಚಾಕುವಿನಿಂದಲೋ ಕತ್ತರಿಯಿಂದಲೋ ಎಂದು. ನನಗೆ ಗೊತ್ತಿರಲಿಲ್ಲ. ಇಡೀ ಕಾದಂಬರಿಯ ಆಯುಧ ಯಾವುದೆಂದು ಬರೆದವನಿಗೇ ಗೊತ್ತಿಲ್ಲ. ಭಾನುವಾರ ಹಿರಿಯೂರಿನ ಬಸ್ಸು ಹತ್ತಿದೆ.

ಬಬ್ಬೂರಿನ ಹತ್ತಿರ ಯಾರದೋ ಹೊಲದಲ್ಲಿ ಗೊಬ್ಬರಕ್ಕಾಗಿ ಮಾವ ಮಂದೆ ತರುಬಿದ್ದ. ಕಂಬಳಿ ಹಾಸಿ ಕೂರಿಸಿ, ಹೊಲದವರ ಮನೆಯಿಂದ ಬಂದಿದ್ದ ರೊಟ್ಟಿಯಲ್ಲಿ ಅರ್ಧ ಮುರಿದುಕೊಟ್ಟ. ನಾನು ಸಂಶೋಧಕನ ದನಿಯಲ್ಲಿ ಸುತ್ತಿ ಬಳಸಿ ಕೇಳಿದೆ. ಸೊಂಟದಿಂದ ಸಣ್ಣ ಕತ್ತಿ ತೆಗೆದು ತೋರಿಸಿದ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು, ಆದರೆ ನನಗೆ ಅವನ ಬಾಯಿಂದ ಇನ್ನೊಂದಿಷ್ಟು ಬೇಕಿತ್ತು. ಒಂದೇ ಮರಿಗೆ ಎರಡು ಮನೆಯ ಗುರುತು ಯಾವಾಗ ಬೀಳುತ್ತದೆ, ಕದ್ದಾಗಲೇ ಅಲ್ಲವೇ ಎಂದೆ.

ಮಾವ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ.

‘ಕದ್ದೋನು ಹಳೇ ಗುರುತು ಉಳಿಸ್ತಾನೇನಲೇ ಅಳಿಯ? ಕಿವಿನೇ ಬುಡಕ್ಕೆ ಕೊಯ್ದು ಬಿಸಾಕ್ತಾನೆ. ಎಷ್ಟ್ ಓದಿದೀಯಪ್ಪ ನೀನು?’

ಎರಡು ಗುರುತೆಂದರೆ ಕೊಟ್ಟ ಮರಿ. ಕೊಟ್ಟವನ ಗುರುತು ಹಾಗೇ ಇರುತ್ತದೆ, ಪಡೆದವನ ಗುರುತು ಇನ್ನೊಂದು ಕಿವಿಗೆ ಬೀಳುತ್ತದೆ. ಹಟ್ಟಿಯ ಪ್ರತಿ ಮಗುವಿಗೂ ಗೊತ್ತಿರುವ ವಿಷಯ. ಮಾವ ನಿಧಾನಕ್ಕೆ ಹೇಳಿದ್ದರಲ್ಲಿ ಉಳಿದದ್ದೂ ಇತ್ತು. ನನ್ನ ಜಾವಳ ತೆಗೆಸಿದ ದಿನ, ಸೋದರಮಾವನಾಗಿ ಮೊದಲ ಕೂದಲು ಕತ್ತರಿಸಿದ ಮೇಲೆ, ತನ್ನ ಮಂದೆಯ ಹೆಣ್ಣುಮರಿಯೊಂದಕ್ಕೆ ನಮ್ಮ ಮನೆಯ ಕಚ್ಚು ಹಾಕಿ ನನಗೆ ಕೊಟ್ಟಿದ್ದ. ನಾನು ಎದುರಿಗೇ ನಿಂತು ಅಳುತ್ತಿದ್ದೆನಂತೆ. ಎದುರಿಗೆ. ಮರಿ ನನ್ನ ಕಡೆ ಮುಖ ಮಾಡಿತ್ತು. ನನ್ನ ಎಡಕ್ಕೆ ಕಂಡ ರಕ್ತ ಅದರ ಬಲಗಿವಿಯದು.

ಬೋಳು ತಲೆ ಹೇನಿನದಲ್ಲ. ಇಡೀ ಹಸ್ತಪ್ರತಿಯಲ್ಲಿ ನಿಜವಾಗಿದ್ದ ಒಂದೇ ವಾಕ್ಯವನ್ನು ನಾನೇ ಹೊಡೆದುಹಾಕಿದ್ದೆ.

ಮಾವ ಎದ್ದು ಮಂದೆಯೊಳಗೆ ನುಗ್ಗಿ ಕುರಿಗಳನ್ನು ಕಾಲು ಹಿಡಿದು ಒಂದೊಂದಾಗಿ ಎಳೆದು ತಂದ. ಏಳು. ಎಡಗಿವಿಯ ತುದಿ ಇಲ್ಲ, ಬಲಗಿವಿಯಲ್ಲಿ ಕಚ್ಚು. ಆ ಮರಿಯ ಮರಿಗಳು, ಅವುಗಳ ಮರಿಗಳು. ಅಪ್ಪ ಹಟ್ಟಿ ಬಿಟ್ಟ ಮೇಲೂ, ನಾನು ಈ ಕಡೆ ತಲೆ ಹಾಕದಿದ್ದರೂ, ಹುಟ್ಟಿದ ಪ್ರತಿ ಮರಿಗೂ ಎರಡು ಗುರುತು ಹಾಕುತ್ತ ಬಂದಿದ್ದ. ‘ನಿನ್ನವು’ ಎಂದ, ಅಷ್ಟೇ. ಒಂದೊಂದರ ಕಿವಿಯನ್ನೂ ನಾನು ಮುಟ್ಟಿ ನೋಡಿದೆ. ಅನುಮಾನ ಪಡುವ ವಿದ್ಯೆ ಆ ಹೊತ್ತಿಗೂ ಬಿಟ್ಟಿರಲಿಲ್ಲ.

ಹೊರಡುವಾಗ ಮಾವ ಕೇಳಿದ.

‘ಪುಸ್ತಕ ಬರ್ದಿದೀಯಂತೆ. ಅದ್ರಾಗೆ ನಾನೂ ಅದೀನಾ?’

‘ಇದೀಯ ಮಾವ.’

‘ಏನ್ ಮಾಡ್ತಿರ್ತೀನಿ?’

‘ಮರಿ ಕಿವಿ ಕೊಯ್ತಿರ್ತೀಯ.’

‘ಹಂಗಾರೆ ಸರಿಯಾಗೇ ಬರ್ದಿದೀಯ ಬಿಡು,’ ಎಂದು ಮಂದೆಯ ಕಡೆ ತಿರುಗಿದ.

ಪುಸ್ತಕ ಹೊರಬಂದರೆ ಹಟ್ಟಿಯಲ್ಲಿ ಯಾರೂ ಕೊಂಡು ಓದುವುದಿಲ್ಲ, ನಿಜ. ಆದರೆ ಕಿರುಬೆರಳಿಲ್ಲದ ಕುರಿಗಳ್ಳನ ಪುಟವನ್ನು ಯಾರಾದರೂ ಫೋಟೊ ತೆಗೆದು ಕಳಿಸಿದರೆ ಸಾಕು, ಸಂಜೆಯೊಳಗೆ ಎಲ್ಲರ ಮೊಬೈಲಿನಲ್ಲಿರುತ್ತಿತ್ತು. ಮರುದಿನ ಬೆಳಿಗ್ಗೆಯೇ ಚಿತ್ರದುರ್ಗದ ಡಿಟಿಪಿ ಅಂಗಡಿಗೆ ಹೋಗಿ ಪುಟಗಳನ್ನು ತಡೆಯಲು ಹೇಳಿದೆ. ಅಂಗಡಿಯವರು ಮುಸ್ಲಿಂ ಹಿರಿಯರು, ಮದುವೆ ಕಾರ್ಡಿನಿಂದ ಪಿಎಚ್‌ಡಿ ಪ್ರಬಂಧದವರೆಗೆ ಎಲ್ಲವನ್ನೂ ಜೋಡಿಸಿದವರು. ಕಳವಿನ ಭಾಗ ಪೂರ್ತಿ ತೆಗೆಯಬೇಕೆಂದಾಗ ಕನ್ನಡಕ ತೆಗೆದು ನನ್ನನ್ನು ನೋಡಿದರು.

‘ಅದೊಂದೇ ಸಾರ್ ನಾನು ಓದ್ಕಂಡು ಟೈಪ್ ಮಾಡಿದ್ದು. ಮಿಕ್ಕಿದ್ದೆಲ್ಲ ಬರೀ ಕೈ ಮಾಡಿದ್ದು.’

ಅವರ ವಿಮರ್ಶೆ ಹೊಸದುರ್ಗದ್ದಕ್ಕಿಂತ ಪ್ರಾಮಾಣಿಕವಾಗಿತ್ತು. ಆದರೂ ತೆಗೆಸಿದೆ. ಉಳಿದದ್ದು ನೂರ ಹತ್ತು ಪುಟ. ಪ್ರಾಧ್ಯಾಪಕರು ಅದನ್ನು ಓದಿ, ಕಾದಂಬರಿ ಹೋಗಿ ಪ್ರಬಂಧ ಸ್ಪರ್ಧೆಗೆ ಬರೆದದ್ದಾಯಿತು ಎಂದರು. ಕಳವನ್ನೇ ಇಟ್ಟುಕೊಂಡು ಬೆರಳನ್ನು ಮಾತ್ರ ಬದಲಿಸು, ಯಾರಿಗೆ ಗೊತ್ತಾಗುತ್ತದೆ ಎಂದೂ ಸೂಚಿಸಿದರು. ಒಳ್ಳೆಯ ಸಲಹೆ. ಎರಡು ವಾರ ಅದನ್ನೇ ಯೋಚಿಸಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಈಗ ಐದನೇ ಸಲ ತಿದ್ದುತ್ತಿದ್ದೇನೆ. ಬೋಳು ತಲೆಯ ವಾಕ್ಯ ಮೊದಲ ಪುಟಕ್ಕೆ ಬಂದಿದೆ. ಎದುರಿಗೆ ನಿಂತು ಅಳುತ್ತಿದ್ದೆ ಎಂದು ಬರೆಯಲು ಹೋದರೆ ಕೈ ತಡೆಯುತ್ತದೆ, ಅದು ನನಗೆ ನೆನಪೇ ಇಲ್ಲ. ಅಲ್ಲಿ ‘ಮಾವ ಹೇಳಿದಂತೆ’ ಎಂದು ಸೇರಿಸಿದ್ದೇನೆ.