ಅರ್ಜಿಯಲ್ಲಿ ಇಬ್ಬರು

“ಮನೆಯಲ್ಲಿ ಎಷ್ಟು ಜನ, ಮಾಸಿ?” ವಡೋದರಾದ ಅನಾಥ ನಾಯಿಗಳ ಆಶ್ರಯಧಾಮದಲ್ಲಿ ಅರ್ಜಿ ತುಂಬುತ್ತಿದ್ದ ಹುಡುಗಿ ಕೇಳಿದಳು.

“ಇಬ್ಬರು” ಎಂದುಬಿಟ್ಟೆ. ನಮ್ಮ ಯಜಮಾನರು ತೀರಿಕೊಂಡು ಐದು ತಿಂಗಳಾಗಿದ್ದರೂ ನನ್ನ ನಾಲಿಗೆಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ನಾನು ಮೆಚ್ಚಿದ್ದ ಕಂದು ಮರಿ ಅಷ್ಟರಲ್ಲೇ ನನ್ನ ಸೀರೆಯ ನೆರಿಗೆ ಕಚ್ಚಿ ಎಳೆಯುತ್ತಿತ್ತು. ಅದರ ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಯಾವ ಜಾತಿಯೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂಟಿ ಹೆಂಗಸಿಗೆ ಮರಿ ಕೊಡಲಾರರೇನೋ ಎಂಬ ಅಳುಕಿತ್ತು. ಆದರೂ ಸುಳ್ಳು ಹೇಳಿ ಒಯ್ಯಲು ಮನಸ್ಸಾಗಲಿಲ್ಲ.

“ತಪ್ಪಾಯಿತಮ್ಮ, ನಾನೊಬ್ಬಳೇ. ತಿದ್ದಿಬಿಡು.”

ಅವಳು ಪೆನ್ನೆತ್ತಿದವಳು ನನ್ನನ್ನೂ ಮರಿಯನ್ನೂ ನೋಡಿ ನಕ್ಕಳು. “ರಹೇವಾ ದೋ ಮಾಸಿ, ಹಾಗೇ ಇರಲಿ. ಇವನು ಬಂದ ಮೇಲೆ ಇಬ್ಬರೇ ತಾನೆ? ಮೊದಲು ನಿಮ್ಮ ಸೀರೆ ಉಳಿಸಿಕೊಳ್ಳಿ!”

ಅಲ್ಲಿಯವರೆಗೆ ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಅನ್ನ ಮಾಡಿ, ಮಿಕ್ಕಿದ್ದನ್ನು ಮರುದಿನವೂ ಉಣ್ಣುತ್ತಿದ್ದೆ. ಈಗಲೂ ಅಷ್ಟೇ ಅಕ್ಕಿ ಹಾಕುತ್ತೇನೆ. ಗುಜರಾತಿನ ಈ ಮರಿಗೆ ರೋಟ್ಲಿಗಿಂತ ಮೊಸರನ್ನವೇ ಇಷ್ಟ. ಪಾತ್ರೆಯಲ್ಲಿ ಒಂದಗುಳೂ ಉಳಿಯುವುದಿಲ್ಲ.