ನಿಧಾನವಾಗಿ ತುಂಬುವ ಕಾರು

ನಾನು ಕೊಂಡದ್ದು ಬರೀ ಹೈಬ್ರಿಡ್. ಭಾವ ಕೊಂಡದ್ದು ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್. ನನ್ನದು ಓಡುತ್ತಲೇ, ಬ್ರೇಕ್ ಹಾಕಿದಾಗಲೆಲ್ಲ, ತಾನೇ ಒಂದಿಷ್ಟು ಚಾರ್ಜ್ ಮಾಡಿಕೊಳ್ಳುತ್ತದೆ. ಹೊಟ್ಟೆಗೆ ಮಾತ್ರ ಪೆಟ್ರೋಲೇ ಬೇಕು. ಭಾವನದು ಮನೆಯ ಕರೆಂಟು ಕುಡಿದು ಹೊರಡುತ್ತದೆ, ಅದು ಮುಗಿದ ಮೇಲೆ ಪೆಟ್ರೋಲಿಗೆ ಇಳಿಯುತ್ತದೆ. ಬೆಂಗಳೂರಿನ ಯಾರಿಂದಲೋ ಸೆಕೆಂಡ್ ಹ್ಯಾಂಡ್ ತಂದಿದ್ದರು. ಎರಡರಲ್ಲಿ ಯಾವುದರ ಖರ್ಚು ಕಡಿಮೆ ಎಂಬ ವಾದ ನಮ್ಮಿಬ್ಬರ ಮಧ್ಯೆ ಒಂದು ವರ್ಷವಾದರೂ ನಡೆದಿರಬೇಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವುದರಲ್ಲಿ ಇಬ್ಬರೂ ಕಡಿಮೆ ಇರಲಿಲ್ಲ.

ನಾನು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಅಕ್ಕನನ್ನು ಕೊಟ್ಟಿರುವುದು ಬೇಲೂರು ದಾಟಿ, ಬಿಕ್ಕೋಡಿನ ಹತ್ತಿರ. ಭಾವನಿಗೆ ಅಲ್ಲಿ ಸಣ್ಣ ಕಾಫಿ ತೋಟ, ಶೆಡ್ಡಿನ ಮೇಲೆ ಸೋಲಾರ್.

"ಬಿಸಿಲಿಗೆ ಯಾರು ಬಿಲ್ ಕೊಡ್ತಾರಯ್ಯ? ಹಳೇಬೀಡು ದಾಟೋ ತನಕ ನನ್ ಕಾರು ಪುಕ್ಕಟೆ" ಅನ್ನುತ್ತಿದ್ದರು.

"ಸೋಲಾರ್‌ಗೆ ಹಾಕಿದ ದುಡ್ಡು ಭಾವ?"

"ಅದು ಬೇರೆ ಲೆಕ್ಕ."

ಭಾವ ಕೆಟ್ಟವರಲ್ಲ. ಆದರೆ ಅಕ್ಕ ತವರಿಗೆ ಹೋಗೋಣ ಅಂದಾಗಲೆಲ್ಲ ಅವರಿಗೆ ಮೊದಲು ನೆನಪಾಗುತ್ತಿದ್ದದ್ದು ದಾರಿಯ ಖರ್ಚು. ಮಂಡಿ ನೋವು ಬಂದ ಮೇಲೆ ಅಕ್ಕನಿಗೆ ಬಸ್ಸು ಆಗದು. ನಾನೇ ಹೋಗಿ ಕರೆತರುತ್ತೇನೆ ಅಂದರೆ ಭಾವನಿಗೆ ಅವಮಾನ. ಅವ್ವನಿಗೆ ಕಾರು ಹತ್ತಿದರೆ ವಾಂತಿ, ಅವಳು ಅಲ್ಲಿಗೆ ಹೋಗುವ ಮಾತೇ ಇಲ್ಲ. ಹಳೆಯ ಡೀಸೆಲ್ ಕಾರಿನ ಕಾಲದಲ್ಲಿ ಭಾವ ಬಂದು, ಉಂಡು, ಕೈ ತೊಳೆದ ನೀರು ಆರುವ ಮೊದಲೇ ಸ್ಟಾರ್ಟ್ ಮಾಡುತ್ತಿದ್ದರು. ಮಗಳ ಮಡಿಲಿಗೆ ಅಕ್ಕಿ, ಕಾಯಿ ಹಾಕುವುದಕ್ಕೂ ಅವ್ವ ಓಡಾಡಬೇಕಾಗುತ್ತಿತ್ತು. ಆಮೇಲೆ ಅವ್ವ ಸಂಜೆಯವರೆಗೂ ಜಗುಲಿಯಲ್ಲೇ ಕೂತಿರುತ್ತಿದ್ದಳು.

ಹೊಸ ಕಾರು ಬಂದ ಮೇಲೆ, ವಾಪಸ್ ಹೋಗಲು ಇಲ್ಲಿಯೂ ಚಾರ್ಜ್ ಸಿಗಲಿ ಎಂದು ನಮ್ಮ ಜಗುಲಿಯ ಗೋಡೆಗೆ ಒಂದು ದೊಡ್ಡ ಪ್ಲಗ್ ಪಾಯಿಂಟ್ ಹಾಕಿಸಿದೆ. ಬೇಗ ಚಾರ್ಜ್ ಮಾಡುವ ಪೆಟ್ಟಿಗೆಯನ್ನೇ ಕೂರಿಸಿದರೆ ಹೇಗೆ ಎಂದು ಎಲೆಕ್ಟ್ರಿಷಿಯನ್ ಕೇಳಿದ. ಅವ್ವ ಒಳಗಿಂದಲೇ, "ಇದ್ರಲ್ಲಿ ಎಷ್ಟೊತ್ತಾಯ್ತದೆ?" ಅಂದಳು. ಮಧ್ಯಾಹ್ನ ಪೂರ್ತಿ ಬೇಕಾಗುತ್ತದೆ ಎಂದ.

"ಇದೇ ಸಾಕು ಬಿಡಪ್ಪ."

ಅಂದಿನಿಂದ ಭಾವ ಊಟವಾದ ಮೇಲೂ ಕೂರತೊಡಗಿದರು. ಹಳೇಬೀಡು ಮುಟ್ಟುವಷ್ಟಾದರೂ ತುಂಬದೆ ಹೊರಡಬಾರದು ಎಂಬುದು ಅವರ ನೇಮ. ಅವರು ದಿವಾನದ ಮೇಲೆ ಒರಗುತ್ತಿದ್ದರು, ಅಕ್ಕ ಮತ್ತು ಅವ್ವ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಮಾತಾಡುತ್ತಿದ್ದರು. ವಿಶೇಷ ಏನಿಲ್ಲ, ಹುಣಸೆಹಣ್ಣು, ನಾದಿನಿ, ಮಂಡಿಗೆ ಹಚ್ಚುವ ಎಣ್ಣೆ. "ಅವರ ಕಾರೇ ವಾಸಿ ಕಣೋ" ಎಂದಳು ಅವ್ವ ಒಂದು ಸಲ ನನಗೆ. ಯಾಕೆ ಅಂದರೆ, "ನಿಧಾನಕ್ಕೆ ತುಂಬ್ತದೆ" ಎಂದಳು.

ಆದರೆ ಬರಬರುತ್ತ ಅದು ತೀರ ನಿಧಾನವಾಯಿತು. ಮುಸ್ಸಂಜೆಯಾದರೂ ಅರ್ಧಕ್ಕಿಂತ ಮೇಲೇರುತ್ತಿರಲಿಲ್ಲ. ಕತ್ತಲಾಗುತ್ತದೆಂದು ಭಾವ ನೇಮ ಬಿಟ್ಟು ಅಷ್ಟಕ್ಕೇ ಹೊರಡಬೇಕಾಗುತ್ತಿತ್ತು. "ನಿಮ್ಮೂರ ಕರೆಂಟಿಗೆ ದಮ್ಮೇ ಇಲ್ವಲ್ಲಯ್ಯ" ಎಂದು ಭಾವ ಬೈದರು. ತೆಂಗಿನ ತೋಟದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎಳೆಯುತ್ತವೆ, ವೋಲ್ಟೇಜ್ ಬಿದ್ದುಹೋಗುತ್ತದೆ ಎಂದು ನಾನೂ ನಂಬಿದ್ದೆ. ಒಂದು ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದೆ. ಅಕ್ಕ ಮಂಡಿ ಹಿಡಿದುಕೊಂಡು ಜಗುಲಿಗೆ ಬಂದಳು, ಒಳಗೆ ಭಾವನ ಗೊರಕೆ ಕೇಳಿ ಖಚಿತ ಮಾಡಿಕೊಂಡಳು, ಸ್ವಿಚ್ಚು ಆರಿಸಿದಳು. ತಿರುಗಿದರೆ ನಾನು.

"ಸುಮ್ನಿರು ಕಣೋ. ಆಮೇಲೆ ನಾನೇ ಹಾಕ್ತೀನಿ."

ಮೊಮ್ಮಕ್ಕಳನ್ನು ಕಂಡವಳು ತಾಯಿಯ ಹತ್ತಿರ ಇನ್ನಷ್ಟು ಹೊತ್ತು ಕೂರಲು ಕಳ್ಳತನ ಮಾಡಬೇಕಾಗಿ ಬಂದಿತ್ತು. ಸುಮ್ಮನಿದ್ದೆ. ಸುಮ್ಮನಿರುವುದರಲ್ಲಿ ನನಗೆ ಲಾಭವೂ ಇತ್ತು ಎಂಬುದು ಬೇರೆ ಮಾತು: ಅರ್ಧ ಚಾರ್ಜಿನಲ್ಲಿ ಹೊರಟ ಭಾವ ಉಳಿದ ದಾರಿಗೆಲ್ಲ ಪೆಟ್ರೋಲು ಸುಡುತ್ತಿದ್ದರು. ಬ್ಯಾಟರಿಯ ಭಾರ ಬೇರೆ ಹೊರಬೇಕಾದ್ದರಿಂದ, ಬ್ಯಾಟರಿ ಖಾಲಿಯಾದಾಗ ಅವರ ಕಾರು ನನ್ನದಕ್ಕಿಂತ ಹೆಚ್ಚೇ ಕುಡಿಯುತ್ತಿತ್ತು. ವಾದದಲ್ಲಿ ನಾನು ಗೆಲ್ಲುತ್ತಿದ್ದೆ.

ಗೆದ್ದೂಬಿಟ್ಟೆ. ಮುಂದಿನ ಸಲ ಬಂದಾಗ ಊಟಕ್ಕೆ ಕೂತ ಭಾವ, "ನಿಂದೇ ಸರಿ ಕಣಯ್ಯ. ಇದನ್ನ ಮಾರಿ ನಿನ್ನಂಥದ್ದೇ ತಗೋತೀನಿ. ಚಾರ್ಜೂ ಬೇಡ, ಕಾಯೋದೂ ಬೇಡ, ಉಂಡು ಹೊರಟ್ರಾಯ್ತು" ಅಂದರು.

ಬಡಿಸುತ್ತಿದ್ದ ಅಕ್ಕನ ಕೈಯಲ್ಲಿ ಸೌಟು ಹಾಗೇ ನಿಂತಿತು. ಅವ್ವ ನನ್ನ ಮುಖ ನೋಡಿದಳು. ಅವಳಿಗೂ ಸ್ವಿಚ್ಚಿನ ವಿಷಯ ಗೊತ್ತಿತ್ತೆಂದು ನನಗೆ ಆಗಲೇ ತಿಳಿದದ್ದು.

ವರ್ಷದ ವಾದವನ್ನು ಮೊಸರನ್ನದ ಜೊತೆ ನುಂಗಿದೆ. "ಮಾರಬೇಡಿ ಭಾವ. ಸರಿಯಾಗಿ ನೋಡಿದ್ರೆ ನಿಮ್ಮದೇ ಅಗ್ಗ" ಎಂದೆ.

"ಹೆಂಗಯ್ಯ? ನೀನೇ ಇಷ್ಟು ದಿನ..."

"ನೀವು ಅರ್ಧ ಚಾರ್ಜಿಗೇ ಎದ್ದು ಹೋಗ್ತೀರಿ. ತಪ್ಪು ಅದೇ. ಪೂರ್ತಿ ತುಂಬಿಸ್ಕೊಂಡು ಹೊರಟ್ರೆ ಅರ್ಧ ದಾರಿಗಿಂತ ಜಾಸ್ತಿ ಕರೆಂಟಲ್ಲೇ ಹೋಗ್ತೀರಿ. ಕರೆಂಟು ಹೆಂಗೂ ನಮ್ಮ ಮನೇದು. ರಾತ್ರಿ ಪಂಪ್‌ಸೆಟ್ಟೂ ಕಮ್ಮಿ, ವೋಲ್ಟೇಜೂ ಚೆನ್ನಾಗಿರ್ತದೆ."

ನಾನು ಹೇಳಿದ್ದರಲ್ಲಿ ವೋಲ್ಟೇಜೊಂದು ಬಿಟ್ಟರೆ ಉಳಿದದ್ದು ನಿಜವೇ. ಭಾವ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ಕರೆಂಟು ನಮ್ಮ ಮನೆಯದು ಎಂಬ ಮಾತು ಅವರಿಗೆ ಹಿಡಿಸಿದ ಹಾಗಿತ್ತು.

"ಹಂಗಾದ್ರೆ ಬೆಳಿಗ್ಗೆ ಹೋದ್ರಾಯ್ತು ಬಿಡು" ಎಂದರು.

ನಾನು ಕೈ ತೊಳೆಯುವ ನೆಪದಲ್ಲಿ ಜಗುಲಿಗೆ ಹೋಗಿ, ಅಕ್ಕ ಆಗಲೇ ಆರಿಸಿಬಿಟ್ಟಿದ್ದ ಸ್ವಿಚ್ಚು ಹಾಕಿದೆ. ಬೆಳಿಗ್ಗೆ ಬ್ಯಾಟರಿ ಪೂರ್ತಿ ತುಂಬಿರದಿದ್ದರೆ ನನ್ನ ಮಾತಿಗೆ ಬೆಲೆ ಇರುತ್ತಿರಲಿಲ್ಲ. ಒಳಗೆ ಅವ್ವ ಅಕ್ಕನನ್ನು ಕೇಳುತ್ತಿದ್ದಳು, "ಬೆಳಿಗ್ಗೆಗೆ ರೊಟ್ಟಿ ತಟ್ಲೇನೆ, ಇಲ್ಲಾ ದೋಸೆಗೆ ನೆನೆ ಹಾಕ್ಲಾ?" ಅಕ್ಕ ನಮ್ಮ ಮನೆಯಲ್ಲಿ ರಾತ್ರಿ ಉಳಿದು, ಆ ಪ್ರಶ್ನೆ ಕೇಳಿಸಿಕೊಂಡು ಎಷ್ಟೋ ವರ್ಷಗಳಾಗಿದ್ದವು.